ಮೂಗರ್ಜಿಯ ಹೊಸ ಅಂಚೆಯಣ್ಣ

ಮೂಗರ್ಜಿ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಪ್ಪನ ಬಾಯಿಂದ. ಅಪ್ಪ ರೈಲ್ವೆ ಅಂಚೆಯಲ್ಲಿದ್ದರು. ರಾತ್ರಿಯಿಡೀ ಓಡುವ ರೈಲಿನಲ್ಲಿ ನಿಂತುಕೊಂಡೇ ಕಾಗದಗಳನ್ನು ಊರೂರಿನ ಗೂಡಿಗೆ ಹಾಕುವ ಕೆಲಸ. ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಕಾಫಿ ಕುಡಿಯುತ್ತಾ, "ಹೆಸರು ಹಾಕದೆ ಬರೆಯೋರು ಎಷ್ಟು ಜನ ಅಂತೀಯ! ವಿಳಾಸದ ಅಕ್ಷರ ಬೇಕಂತಲೇ ಸೊಟ್ಟ. ನೋಡಿದ ಕೂಡಲೇ ಗೊತ್ತಾಗುತ್ತೆ, ಇದು ಮೂಗರ್ಜಿ ಅಂತ" ಎಂದು ನಗುತ್ತಿದ್ದರು. ಆಮೇಲೆ ಗಂಭೀರವಾಗಿ, "ಆದರೆ ಅಂಚೆ ಮೊಹರು ಇದೆಯಲ್ಲ, ಅದು ಸುಳ್ಳು ಹೇಳೋಲ್ಲ" ಅನ್ನುತ್ತಿದ್ದರು. ಯಾವ ಊರಲ್ಲಿ, ಯಾವ ದಿನ ಡಬ್ಬಿಗೆ ಬಿತ್ತು ಎಂದು ಮೊಹರು ಹೇಳಿಬಿಡುತ್ತದೆ.

ಈ ಪಾಠ ಚೆನ್ನಾಗಿ ಕಲಿತಿದ್ದೇನೆಂದು ತಿಳಿದುಕೊಂಡೇ ನಾನು 1984ರಲ್ಲಿ ಒಂದು ಮೂಗರ್ಜಿ ಬರೆದೆ. ಆಗ ನಾನೊಂದು ಪುಟ್ಟ ಊರಿನ ಶಾಲೆಯಲ್ಲಿ ಮೇಷ್ಟರಗಿತ್ತಿ. ಬಡ ಹೆಣ್ಣುಮಕ್ಕಳ ಸಮವಸ್ತ್ರಕ್ಕೆಂದು ಬಂದ ಬಟ್ಟೆ ಮಕ್ಕಳ ಮೈಮೇಲೆ ಬರದೆ ಎಲ್ಲಿಗೋ ಹೋಗುತ್ತಿತ್ತು. ಎಡಗೈಯಲ್ಲಿ ಬರೆದೆ. ಪಕ್ಕದ ತಾಲ್ಲೂಕಿನ ಜಾತ್ರೆಗೆ ಹೋದಾಗ ಅಲ್ಲಿನ ಡಬ್ಬಿಗೆ ಹಾಕಿದೆ. ಅಕ್ಷರ ನನ್ನದಲ್ಲ, ಮೊಹರು ನಮ್ಮೂರಿನದಲ್ಲ. ಇನ್ನೇನು ಬೇಕು? ತಿಂಗಳೊಪ್ಪತ್ತಿನಲ್ಲಿ ನೂರು ಕಿಲೋಮೀಟರು ದೂರದ ಊರಿಗೆ ವರ್ಗವಾಯಿತು. ಕಂಕುಳಲ್ಲಿ ಹತ್ತು ತಿಂಗಳ ಕೂಸು. ಹೇಗೆ ಸಿಕ್ಕಿಬಿದ್ದೆ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಅರ್ಜಿಯಲ್ಲಿ ನಾನು, "ಹದಿನಾಲ್ಕು ಕಟ್ಟಿನಲ್ಲಿ ಒಂದು ಮಳೆಗೆ ನೆನೆದಿತ್ತು" ಎಂದು ಬರೆದಿದ್ದೆ. ಸತ್ಯಕ್ಕೆ ತೂಕ ಬರಲಿ ಎಂದು ಬರೆದ ವಾಕ್ಯ ಅದು. ನೆನೆದ ಕಟ್ಟನ್ನು ನೋಡಿದ್ದವರು ಮೂರೇ ಜನ. ಒಬ್ಬರು ಮುಖ್ಯೋಪಾಧ್ಯಾಯರು, ಇನ್ನೊಬ್ಬ ಜವಾನ, ಮೂರನೆಯವಳು ನಾನು.

ಈ ಹಳೆಯ ಕಥೆ ನೆನಪಾಗಲು ಕಾರಣ ನನ್ನ ತಂಗಿಯ ಮಗಳು. ಕಳೆದ ಆಷಾಢದಲ್ಲಿ ಒಂದು ಭಾನುವಾರ ಬಂದವಳು, ಬ್ಯಾಗನ್ನು ಸೋಫಾದ ಮೇಲೆ ಎಸೆದು, "ದೊಡ್ಡಮ್ಮ, ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕು, ಅಮ್ಮನಿಗೆ ಹೇಳಬೇಡಿ" ಅಂದಳು. ಅವಳೊಂದು ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕಿ. ಪ್ರಾಯೋಗಿಕ ಪರೀಕ್ಷೆಯ ಅಂಕಕ್ಕೆ ಹುಡುಗಿಯರಿಂದ ದುಡ್ಡು ವಸೂಲಾಗುತ್ತಿದೆಯಂತೆ. ಅದರಲ್ಲೂ ಹಾಸ್ಟೆಲಿನ ಹುಡುಗಿಯರಿಂದ, ಕೇಳಲು ಅಪ್ಪ ಅಮ್ಮ ಹತ್ತಿರ ಇಲ್ಲದವರಿಂದ. ವಿಶ್ವವಿದ್ಯಾಲಯಕ್ಕೆ ಬರೆಯಬೇಕು, ಹೆಸರು ಬರಬಾರದು. ಅವಳ ಕೆಲಸ ಕಾಯಂ ಅಲ್ಲ. ಮನೆಯ ಸಾಲದ ಕಂತು ಅವಳ ಸಂಬಳದಿಂದಲೇ ಹೋಗುತ್ತದೆ.

"ಎಲ್ಲಾ ಯೋಚನೆ ಮಾಡಿದೀನಿ. ಇಂಟರ್‌ನೆಟ್ಟಿನಲ್ಲಿ ಒಂದು ಸೇವೆ ಇದೆ. ನಾವು ಬರೆದ ಇಮೇಲನ್ನ ಅವರು ತಗೊಂಡು, ನಮ್ಮ ಹೆಸರು ವಿಳಾಸ ಅಳಿಸಿ, ಬೇರೆ ವಿಳಾಸದಿಂದ ಮುಂದಕ್ಕೆ ಕಳಿಸ್ತಾರೆ. ಉತ್ತರ ಬಂದರೆ ನಮಗೆ ತಲುಪಿಸ್ತಾರೆ. ನೂರಕ್ಕೆ ನೂರು ಸೇಫ್."

ನೂರಕ್ಕೆ ನೂರು ಎಂಬ ಮಾತು ಕೇಳಿದರೆ ನನಗೆ ಈಗಲೂ ಆ ನೆನೆದ ಬಟ್ಟೆಕಟ್ಟಿನ ವಾಸನೆ ಬರುತ್ತದೆ.

ನನಗೆ ಈ ವಿಷಯ ತೀರ ಹೊಸದಲ್ಲ ಅನ್ನಿ. ಅಪ್ಪನ ಮಗಳಾದ್ದರಿಂದ ಅಂಚೆಗೆ ಸಂಬಂಧಪಟ್ಟದ್ದು ಏನು ಸಿಕ್ಕರೂ ಓದುವ ಹುಚ್ಚು. ಕಂಪ್ಯೂಟರ್ ಅಂಚೆಯೂ ಅಂಚೆಯೇ ತಾನೆ? ಅವಳಿಗೆ ಅವಲಕ್ಕಿ ಒಗ್ಗರಣೆ ಮಾಡಿ ಕೊಟ್ಟು, ಫಿನ್‌ಲೆಂಡಿನ ಕಥೆ ಹೇಳತೊಡಗಿದೆ. ಅವಳು, "ದೊಡ್ಡಮ್ಮ, ಅದು ಹಳೇ ಕಾಲದ್ದು" ಎಂದು ಮೂಗು ಮುರಿದಳು. ನೀವು ಹಾಗೆ ಮಾಡುವುದಿಲ್ಲವೆಂದು ನಂಬಿ ನಿಮಗೂ ಹೇಳುತ್ತೇನೆ.

ಹೆಲ್ಸಿಂಕಿಯಲ್ಲಿ ಯೋಹಾನ್ ಹೆಲ್ಸಿಂಗಿಯುಸ್ ಎಂಬಾತ 1990ರ ದಶಕದ ಮೊದಲ ವರ್ಷಗಳಲ್ಲಿ ಇಂಥದ್ದೊಂದು ಅಂಚೆಮನೆ ತೆರೆದ. ಪೆನೆಟ್ ಎಂದು ಅದರ ಹೆಸರು. ಸರ್ಕಾರದ್ದಲ್ಲ, ದೊಡ್ಡ ಕಂಪನಿಯದ್ದಲ್ಲ. ಒಬ್ಬ ಮನುಷ್ಯ ತನ್ನ ಖರ್ಚಿನಲ್ಲಿ, ತನ್ನ ಯಂತ್ರದಲ್ಲಿ ನಡೆಸಿದ್ದು. ಅದರ ವ್ಯವಸ್ಥೆ ಬಹಳ ಸರಳ. ನೀವು ಅಲ್ಲಿಗೆ ಕಾಗದ ಕಳಿಸಿದರೆ ಯಂತ್ರ ನಿಮಗೊಂದು ಸಂಖ್ಯೆ ಕೊಡುತ್ತದೆ. ನಿಮ್ಮ ಹೆಸರು ತೆಗೆದು, ಆ ಸಂಖ್ಯೆ ಹಾಕಿ, ಕಾಗದವನ್ನು ಮುಂದೆ ಕಳಿಸುತ್ತದೆ. ಆ ಕಡೆಯವರು ಸಂಖ್ಯೆಗೆ ಉತ್ತರ ಬರೆದರೆ, ಯಂತ್ರ ತನ್ನ ಪಟ್ಟಿ ನೋಡಿ ನಿಮಗೆ ತಲುಪಿಸುತ್ತದೆ. ಕಳಿಸಿದವರ ಹೆಸರೂ ಇಲ್ಲ, ಕಳಿಸಿದವರಿಗೆ ಉತ್ತರವೂ ಉಂಟು. ಹಳೆಯ ಮೂಗರ್ಜಿಗೆ ಈ ಭಾಗ್ಯ ಇರಲಿಲ್ಲ. ಒಂದು ಕಡೆಯಿಂದ ಕೂಗಿ ಓಡಿಹೋಗುವುದಷ್ಟೇ ಅದರ ಹಣೆಬರಹ.

1996ರಲ್ಲಿ ಮುಚ್ಚುವ ಹೊತ್ತಿಗೆ ಅದರ ಪಟ್ಟಿಯಲ್ಲಿ ಐದು ಲಕ್ಷಕ್ಕೂ ಮೇಲ್ಪಟ್ಟು ಜನ ಇದ್ದರು. ಯಾರು ಇವರೆಲ್ಲ? ಪುಂಡರೂ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಚಿಕ್ಕಂದಿನಲ್ಲಿ ಮನೆಯವರಿಂದಲೇ ಲೈಂಗಿಕ ದೌರ್ಜನ್ಯ ಅನುಭವಿಸಿ, ಅದನ್ನು ಯಾರ ಮುಂದಾದರೂ ಹೇಳಿಕೊಳ್ಳಲು ಹಪಹಪಿಸುತ್ತಿದ್ದವರೂ ಇದ್ದರು. ಆತ್ಮಹತ್ಯೆಯ ಯೋಚನೆಯಲ್ಲಿದ್ದವರಿಗೆ ಕಿವಿಗೊಡುವ ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆಗೂ ಅಲ್ಲೊಂದು ವಿಳಾಸವಿತ್ತು. ನಮ್ಮ ಪತ್ರಿಕೆಗಳ ಸಮಾಧಾನದ ಅಂಕಣಗಳಿಗೆ "ಹೆಸರು ಬೇಡ, ಊರು ಬೇಡ" ಎಂದು ಬರೆಯುತ್ತಿದ್ದ ಹೆಣ್ಣುಮಕ್ಕಳನ್ನು ನೆನೆಸಿಕೊಳ್ಳಿ. ಅಲ್ಲೂ ಸಂಪಾದಕರ ಮೇಜಿನ ಖಾನೆಯಲ್ಲಿ ಅಸಲು ಹೆಸರು ಇದ್ದೇ ಇರುತ್ತಿತ್ತು. ಇಲ್ಲಿ ಆ ಖಾನೆ ಹೆಲ್ಸಿಂಕಿಯಲ್ಲಿತ್ತು.

ಆ ಖಾನೆಯೇ ಈ ವಿಷಯದ ಹೃದಯ. ಸಂಖ್ಯೆ ಒಂದು ಕಡೆ, ಹೆಸರು ಒಂದು ಕಡೆ ಬರೆದ ಪಟ್ಟಿಯಿಲ್ಲದೆ ಉತ್ತರ ತಲುಪಿಸುವುದು ಆ ಯಂತ್ರಕ್ಕೆ ಸಾಧ್ಯವಿರಲಿಲ್ಲ. ಪಟ್ಟಿ ಇದ್ದ ಮೇಲೆ ಅದನ್ನು ಕೇಳುವವರೂ ಬರುತ್ತಾರೆ. ಬಂದರು. 1995ರ ಫೆಬ್ರುವರಿಯಲ್ಲಿ ಅಮೆರಿಕದ ಚರ್ಚ್ ಆಫ್ ಸೈಂಟಾಲಜಿ, ತನ್ನ ಕಂಪ್ಯೂಟರಿನಿಂದ ಕದ್ದ ಕಡತವನ್ನು ಯಾರೋ ಪೆನೆಟ್ ಮೂಲಕ ಬಯಲಿಗೆ ಹಾಕಿದ್ದಾರೆ ಎಂದು ದೂರು ಕೊಟ್ಟಿತು. ದೂರು ಇಂಟರ್‌ಪೋಲ್ ದಾರಿಯಾಗಿ ಫಿನ್‌ಲೆಂಡಿನ ಪೊಲೀಸರಿಗೆ ತಲುಪಿತು. ಪೊಲೀಸರು ವಾರಂಟ್ ಹಿಡಿದು ಹೆಲ್ಸಿಂಗಿಯುಸನ ಬಾಗಿಲಿಗೆ ಬಂದರು. ಆತನ ಸಂಕಟ ಊಹಿಸಿ. ಕೊಡದಿದ್ದರೆ ಯಂತ್ರವನ್ನೇ ಎತ್ತಿಕೊಂಡು ಹೋಗಬಹುದು. ಆಗ ಲಕ್ಷಗಟ್ಟಲೆ ಹೆಸರುಗಳು ಒಟ್ಟಿಗೆ ಹೋಗುತ್ತವೆ. ಚೌಕಾಸಿ ಮಾಡಿ, ಕೇಳಿದ ಒಂದೇ ಒಂದು ವಿಳಾಸ ಕೊಟ್ಟು ಉಳಿದವರನ್ನು ಉಳಿಸಿಕೊಂಡ.

"ಪಾಪ, ಅವನೇನು ಮಾಡಬೇಕಿತ್ತು?" ಅಂದಳು ನನ್ನ ಹುಡುಗಿ.

ಅದೇ ನನ್ನ ಪ್ರಶ್ನೆಯೂ. ಅವನು ಒಳ್ಳೆಯವನು, ನಿಯತ್ತಿನವನು. ದುಡ್ಡಿಗೆ ಮಾರಲಿಲ್ಲ, ಹೆದರಿ ಎಲ್ಲವನ್ನೂ ಸುರಿಯಲಿಲ್ಲ. ಆದರೂ ಒಂದು ಹೆಸರು ಹೊರಗೆ ಹೋಯಿತು. ಒಳ್ಳೆಯತನದ ಮೇಲೆ ನಿಂತ ಗುಟ್ಟು ಪೊಲೀಸ್ ವಾರಂಟಿನ ಮುಂದೆ ನಿಲ್ಲದು. ಜಾಹೀರಾತಿನವರು ಇದನ್ನು ಹೇಳುವುದಿಲ್ಲ. "ನಮ್ಮನ್ನು ನಂಬಿ" ಅನ್ನುತ್ತಾರೆ. ನಂಬುತ್ತೇವೆ ಸ್ವಾಮಿ, ನಿಮ್ಮನ್ನು ನಂಬುತ್ತೇವೆ. ನಿಮ್ಮ ಮನೆ ಬಾಗಿಲು ತಟ್ಟುವವರನ್ನು ಏನು ಮಾಡುವುದು?

ಪೆನೆಟ್ಟಿಗೆ ಇನ್ನೊಂದು ಹುಳುಕಿತ್ತು. ಅದನ್ನು ಕೇಳಿ ನನಗೆ ನಗು ಬಂತು, ಏಕೆಂದರೆ ಅದು ಅಪ್ಪಟ ಅಂಚೆಯ ಹುಳುಕು. ಲಕೋಟೆಯ ಹಿಂದೆ "ಇಂದ" ಎಂದು ಯಾರ ಹೆಸರನ್ನಾದರೂ ಬರೆಯಬಹುದಲ್ಲ? ಇಮೇಲಿನಲ್ಲೂ ಹಾಗೆಯೇ, ಕಳಿಸಿದವರ ಹೆಸರಿನ ಜಾಗದಲ್ಲಿ ಸುಳ್ಳು ಬರೆಯುವುದು ಆಗ ಬಲು ಸುಲಭ. ನಿಮ್ಮ ಮೇಲೆ ಅನುಮಾನ ಬಂದವನು ನಿಮ್ಮ ಹೆಸರಿನಲ್ಲಿ ಒಂದು ಕಾಗದ ಬರೆದು, ಅದನ್ನು ತನಗೇ ತಲುಪಿಸುವಂತೆ ಪೆನೆಟ್ಟಿಗೆ ಕಳಿಸಿದರೆ? ಯಂತ್ರ ಪಾಪ, ನಿಮ್ಮ ಹೆಸರು ಅಳಿಸಿ ನಿಮ್ಮ ಸಂಖ್ಯೆ ಹಾಕಿ ಅವನಿಗೆ ತಲುಪಿಸುತ್ತದೆ. ಅವನ ಕೈಗೆ ನಿಮ್ಮ ಸಂಖ್ಯೆ ಸಿಕ್ಕಿತು. ಅಲ್ಲಿಗೆ ನೀವು ಅದುವರೆಗೆ ಬರೆದ ಎಲ್ಲಾ ಮೂಗರ್ಜಿಗಳಿಗೂ ಬಾಯಿ ಬಂತು! ಈ ಮೋಸ ತಡೆಯಲು ಆಮೇಲೆ ಗುಪ್ತಪದ ಇಟ್ಟರು. ಬೀಗ ಮುರಿಯದೆ, ಪಟ್ಟಿ ಕದಿಯದೆ, ಯಂತ್ರದ ವಿಧೇಯತೆಯನ್ನೇ ಬಳಸಿಕೊಂಡ ಚಾಣಾಕ್ಷತನ ಇದು. ಮನೆಗೆಲಸದ ಮುಗ್ಧ ಹುಡುಗಿಯ ಬಾಯಿಂದ ಮನೆಯ ಗುಟ್ಟು ತೆಗೆಯುವ ನೆರೆಮನೆಯಾಕೆಯಂತೆ.

1996ರ ಆಗಸ್ಟ್ ಬಂತು. ಚರ್ಚ್ ಆಫ್ ಸೈಂಟಾಲಜಿಯ ಇನ್ನೊಂದು ವ್ಯವಹಾರದಲ್ಲಿ ಫಿನ್‌ಲೆಂಡಿನ ಕೆಳಗಿನ ನ್ಯಾಯಾಲಯ, ಹೆಸರು ಹೇಳಲೇಬೇಕೆಂದು ಹೆಲ್ಸಿಂಗಿಯುಸನಿಗೆ ಆದೇಶಿಸಿತು. ಕಾಗದಕ್ಕೂ ಟೆಲಿಫೋನಿಗೂ ಇದ್ದ ಗುಟ್ಟಿನ ರಕ್ಷಣೆ ಇಮೇಲಿಗೆ ಇದೆಯೋ ಇಲ್ಲವೋ ಎಂಬುದೇ ಆಗ ಅನುಮಾನ. ಅದೇ ತಿಂಗಳು ಲಂಡನ್ನಿನ 'ಅಬ್ಸರ್ವರ್' ಪತ್ರಿಕೆ, ಮಕ್ಕಳ ಅಶ್ಲೀಲ ಚಿತ್ರಗಳು ಪೆನೆಟ್ ಮೂಲಕ ಹರಿಯುತ್ತಿವೆ ಎಂದು ದೊಡ್ಡದಾಗಿ ಬರೆಯಿತು. ಪೆನೆಟ್ಟಿನಲ್ಲಿ ಚಿತ್ರ ಹೋಗುವಷ್ಟು ದೊಡ್ಡ ಕಾಗದಕ್ಕೆ ಜಾಗವೇ ಇರಲಿಲ್ಲ. 16 ಕಿಲೋಬೈಟಿಗೆ ಮಿತಿ ಹಾಕಿದ್ದ. ಫಿನ್‌ಲೆಂಡಿನ ಪೊಲೀಸರೂ ಆರೋಪಕ್ಕೆ ಆಧಾರವಿಲ್ಲ ಎಂದರು. ಆದರೆ ಅಪವಾದ ಹರಡುವಷ್ಟು ವೇಗವಾಗಿ ಸಮಜಾಯಿಷಿ ಎಲ್ಲಿ ಹರಡುತ್ತದೆ? ಆಗಸ್ಟ್ 30ರಂದು ಆತ ಬಾಗಿಲು ಹಾಕುತ್ತೇನೆಂದು ಸಾರಿದ. ತನ್ನನ್ನು ನಂಬಿದವರಿಗೆ ಕಾನೂನಿನ ರಕ್ಷಣೆ ಇಲ್ಲದಿರುವಾಗ ನಂಬಿ ಎಂದು ಹೇಳಲಾಗದು ಎಂಬುದೇ ಅದರ ಸಾರಾಂಶ. ಈ ಇಡೀ ಕಥೆಯಲ್ಲಿ ನನಗೆ ಮೆಚ್ಚಿಗೆಯಾದದ್ದು ಇದು. ಅಂಗಡಿ ನಡೆಸುವವನೇ, ನನ್ನ ಸರಕು ಇನ್ನು ಗಟ್ಟಿಯಿಲ್ಲ ಎಂದು ಹೇಳಿ ಬಾಗಿಲು ಹಾಕಿದ್ದನ್ನು ನಾನು ಬೇರೆಲ್ಲೂ ಹೆಚ್ಚು ಕಂಡಿಲ್ಲ.

"ಈಗ ಅದಕ್ಕಿಂತ ಗಟ್ಟಿಯಾದದ್ದು ಬಂದಿರಬೇಕಲ್ಲ?" ಎಂದು ಕೇಳುವಿರಿ. ಗಟ್ಟಿಯಾದದ್ದು ಪೆನೆಟ್ಟಿಗಿಂತ ಮೊದಲೇ ಹೊಳೆದಿತ್ತು. ಅದೇ ವಿಚಿತ್ರ. 1981ರಲ್ಲಿ ಡೇವಿಡ್ ಚೌಮ್ ಎಂಬ ಅಮೆರಿಕದ ವಿದ್ವಾಂಸ ಒಂದು ಲೇಖನ ಬರೆದ. ಅವನ ಉಪಾಯವನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಒಂದು ಕಾಗದವನ್ನು ಲಕೋಟೆಯಲ್ಲಿಡಿ, ಆ ಲಕೋಟೆಯನ್ನು ಇನ್ನೊಂದರಲ್ಲಿಡಿ, ಅದನ್ನು ಮತ್ತೊಂದರಲ್ಲಿ. ಹೊರಗಿನದಕ್ಕೆ ಮೈಸೂರಿನ ಗೆಳತಿಯ ವಿಳಾಸ, ಒಳಗಿನದಕ್ಕೆ ಹುಬ್ಬಳ್ಳಿಯ ಗೆಳತಿಯದು, ಅದರೊಳಗಿನದಕ್ಕೆ ಮಂಗಳೂರಿನವಳದು. ಮೈಸೂರಿನವಳು ತನ್ನ ಲಕೋಟೆ ಒಡೆದು ಒಳಗಿನದನ್ನು ಹುಬ್ಬಳ್ಳಿಗೆ ಹಾಕುತ್ತಾಳೆ. ಅವಳಿಗೆ ನೀವು ಗೊತ್ತು, ಕೊನೆಗೆ ಯಾರಿಗೆ ಸೇರುತ್ತದೆಂದು ಗೊತ್ತಿಲ್ಲ. ಮಂಗಳೂರಿನವಳಿಗೆ ಸೇರಬೇಕಾದವರು ಗೊತ್ತು, ನೀವು ಗೊತ್ತಿಲ್ಲ. ಹುಬ್ಬಳ್ಳಿಯವಳಿಗೆ ಎರಡೂ ಗೊತ್ತಿಲ್ಲ. ಜೊತೆಗೆ ಪ್ರತಿಯೊಬ್ಬಳೂ ಬಂದ ಕೂಡಲೇ ಕಳಿಸದೆ, ಹತ್ತಾರು ಕಾಗದ ಕೂಡುವ ತನಕ ಇಟ್ಟು, ಇಸ್ಪೀಟಿನ ಎಲೆ ಕಲೆಸಿದಂತೆ ಕಲೆಸಿ, ಆಮೇಲೆ ಡಬ್ಬಿಗೆ ಹಾಕುತ್ತಾಳೆ. ಬಾಗಿಲಲ್ಲಿ ಯಾರಾದರೂ ಕಾದು ಕೂತಿದ್ದರೂ ಯಾವುದು ಒಳಗೆ ಬಂತು, ಯಾವುದು ಹೊರಗೆ ಹೋಯಿತು ಎಂದು ಹೊಂದಿಸಲಾರರು. ಮೂವರಲ್ಲಿ ಒಬ್ಬಳು ನಿಯತ್ತಾಗಿದ್ದರೂ ನಿಮ್ಮ ಗುಟ್ಟು ಹೆಚ್ಚುಕಡಿಮೆ ಉಳಿಯಿತು.

ಅಪ್ಪ ಬದುಕಿದ್ದಿದ್ದರೆ ಇದನ್ನು ಕೇಳಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ರೈಲಿನಲ್ಲಿ ಅವರು ಮಾಡುತ್ತಿದ್ದುದಕ್ಕೆ ಇದು ಪೂರ್ತಿ ತದ್ವಿರುದ್ಧ. ಅವರು ಕಲೆಸಿದ್ದನ್ನು ವಿಂಗಡಿಸುತ್ತಿದ್ದರು, ಇವರು ವಿಂಗಡಿಸಿದ್ದನ್ನು ಕಲೆಸುತ್ತಾರೆ!

1992ರಲ್ಲಿ ಎರಿಕ್ ಹ್ಯೂಸ್ ಮತ್ತು ಹಾಲ್ ಫಿನ್ನಿ ಎಂಬಿಬ್ಬರು ಈ ದಾರಿಯಲ್ಲಿ ಮೊದಲ ಕಾಗದಯಂತ್ರಗಳನ್ನು ಕಟ್ಟಿದರು. ಆಮೇಲೆ ಲ್ಯಾನ್ಸ್ ಕಾಟ್ರೆಲ್ ಎಂಬಾತ ಮಿಕ್ಸ್‌ಮಾಸ್ಟರ್ ಮಾಡಿದ. ಅದರಲ್ಲಿ ಎಲ್ಲಾ ಲಕೋಟೆಗಳೂ ಒಂದೇ ಗಾತ್ರ, ದಪ್ಪ ನೋಡಿ ಗುರುತು ಹಿಡಿಯುವಂತಿಲ್ಲ. ಇದು ಬರೀ ಪುಸ್ತಕದ ಬದನೆಕಾಯಿಯಲ್ಲ ಎಂಬುದಕ್ಕೆ 2012ರ ಒಂದು ಘಟನೆ ಇದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಾಂಬ್ ಬೆದರಿಕೆಯ ಕಾಗದಗಳು ಬಂದಾಗ ಅಮೆರಿಕದ ಎಫ್‌ಬಿಐನವರು ನ್ಯೂಯಾರ್ಕಿನಲ್ಲಿದ್ದ ಇಂಥದ್ದೊಂದು ಯಂತ್ರವನ್ನೇ ಹೊತ್ತೊಯ್ದರು. ಪಟ್ಟಿಯೇ ಇಡದ ಯಂತ್ರ ಅದು. ಹೆಲ್ಸಿಂಕಿಯಲ್ಲಿ ಪೊಲೀಸರು ಬಾಗಿಲಿಗೆ ಬಂದಾಗ ಕೊಡಲು ಹೆಸರಿತ್ತು, ಇಲ್ಲಿ ಇರಲಿಲ್ಲ.

ಹಾಗಾದರೆ ನಾವೆಲ್ಲ ಇದನ್ನೇ ಏಕೆ ಬಳಸುತ್ತಿಲ್ಲ? ಬಳಸುವುದು ಕಷ್ಟ, ಕಾಗದ ತಲುಪಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೇಕು, ಉತ್ತರ ತರಿಸಿಕೊಳ್ಳುವುದು ಇನ್ನೂ ತೊಡಕು. ಎಲ್ಲಕ್ಕಿಂತ ಮುಖ್ಯವಾಗಿ, ಬಳಸುವವರು ಕಡಿಮೆ. ಕಲೆಸಲು ಎಲೆಗಳೇ ಇಲ್ಲದಿದ್ದರೆ ಏನು ಕಲೆಸುವುದು? ಜಾತ್ರೆಯಲ್ಲಿ ಮುಖ ಮರೆಸುವುದು ಸುಲಭ; ಮಧ್ಯಾಹ್ನ ಎರಡು ಗಂಟೆಯ ಖಾಲಿ ಬೀದಿಯಲ್ಲಿ ಸೆರಗು ಮುಚ್ಚಿಕೊಂಡು ಹೋದವಳೇ ಎಲ್ಲರ ಕಣ್ಣಿಗೂ ಬೀಳುವವಳು.

ಈ ಕೊನೆಯ ಮಾತಿಗೆ ಒಂದು ಸಾಕ್ಷಿ ಹೇಳಿ, ನನ್ನ ಹುಡುಗಿಯನ್ನು ಸ್ವಲ್ಪ ಹೆದರಿಸಿದೆ. 2013ರ ಡಿಸೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಪರೀಕ್ಷೆ ತಪ್ಪಿಸಿಕೊಳ್ಳಲು ಬಾಂಬ್ ಇದೆಯೆಂದು ಸುಳ್ಳು ಇಮೇಲ್ ಕಳಿಸಿದ. ಅವನು ಮಾಡಿದ್ದು ತಪ್ಪು, ಸಿಕ್ಕಿಬಿದ್ದದ್ದು ಒಳ್ಳೆಯದೇ. ಆದರೆ ಸಿಕ್ಕಿಬಿದ್ದ ಬಗೆ ನೋಡಿ. ಹೆಸರಿಲ್ಲದ ಇಮೇಲ್ ಸೇವೆಯನ್ನು, ಅದೂ ಟಾರ್ ಎಂಬ ಗುಪ್ತ ದಾರಿಯ ಮೂಲಕ ಬಳಸಿದ್ದ. ಎರಡನ್ನೂ ಯಾರೂ ಒಡೆಯಲಿಲ್ಲ. ಒಡೆಯುವ ಅಗತ್ಯವೇ ಬರಲಿಲ್ಲ. ಆ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ಜಾಲದಿಂದ ಟಾರ್ ಬಳಸಿದವರು ಯಾರೆಂದು ನೋಡಿದರು, ಅವನ ಬಾಗಿಲಿಗೆ ಹೋದರು, ಅವನು ಒಪ್ಪಿಕೊಂಡ. ಪರದೆ ಗಟ್ಟಿಯಾಗಿಯೇ ಇತ್ತು. ಆ ಊರಲ್ಲಿ ಪರದೆ ಹಾಕಿಕೊಂಡವರೇ ವಿರಳ, ಅಷ್ಟೇ.

"ನೀನು ಎಲ್ಲಿಂದ ಕಳಿಸಬೇಕು ಅಂತಿದ್ದೆ?" ಎಂದು ಕೇಳಿದೆ.

ಅವಳು ಅವಲಕ್ಕಿ ಕೆದಕುತ್ತಾ, "ಕಾಲೇಜ್ ವೈಫೈಯಿಂದ... ಮನೇಲಿ ಅಮ್ಮ ನೋಡ್ತಾಳೆ" ಅಂದಳು.

ಈಗ ಅವಳು ನೆಚ್ಚಿಕೊಂಡ ಹೊಸ ಕಾಲದ ಸೇವೆಗಳ ವಿಷಯ. ಆಪಲ್ ಕಂಪನಿಯ 'ಹೈಡ್ ಮೈ ಇಮೇಲ್', ಫೈರ್‌ಫಾಕ್ಸಿನವರ 'ರಿಲೇ', 2022ರಲ್ಲಿ ಪ್ರೋಟಾನ್ ಕಂಪನಿಯ ಮಡಿಲು ಸೇರಿದ 'ಸಿಂಪಲ್‌ಲಾಗಿನ್'. ಇವುಗಳ ಮೇಲೆ ನನಗೆ ಹಗೆಯಿಲ್ಲ. ಸೀರೆ ಅಂಗಡಿಯ ಜಾಲತಾಣಕ್ಕೆ ಒಂದು ವಿಳಾಸ, ಟಿಕೆಟ್ ಕಾಯ್ದಿರಿಸಲು ಇನ್ನೊಂದು ಕೊಡಬಹುದು. ಕಾಟ ಹೆಚ್ಚಾದರೆ ಆ ವಿಳಾಸವನ್ನು ಮುಚ್ಚಿಬಿಡಬಹುದು. ಮನೆಗೆ ಬರುವ ಮಾರಾಟಗಾರನಿಗೆ ನಿಜ ಹೆಸರು ಹೇಳದೆ ಗೇಟಿನಲ್ಲೇ ಮಾತಾಡಿ ಕಳಿಸಿದಂತೆ. ಈ ಕೆಲಸಕ್ಕೆ ಅವು ಬಲು ಚೆನ್ನ, ನಾನೂ ಒಂದನ್ನು ಬಳಸುತ್ತೇನೆ. ಆದರೆ ರಚನೆ ನೋಡಿದರೆ ಇವು ಪೆನೆಟ್ಟಿನ ಮೊಮ್ಮಕ್ಕಳೇ. ಸುಳ್ಳು ವಿಳಾಸ ಒಂದು ಕಡೆ, ನಿಜ ವಿಳಾಸ ಒಂದು ಕಡೆ ಬರೆದ ಪಟ್ಟಿ ಕಂಪನಿಯ ಹತ್ತಿರ ಇದ್ದೇ ಇರುತ್ತದೆ. ಹಣ ಕಟ್ಟಿದ ಕಾರ್ಡಿನ ಗುರುತೂ ಇರಬಹುದು. ಚೌಮ್‌ನ ಮೂರು ಲಕೋಟೆ ಇಲ್ಲಿಲ್ಲ, ಇರುವುದು ಒಂದೇ. ವ್ಯಾಪಾರಿಯ ಕಣ್ಣಿಗೆ ಮಣ್ಣೆರಚಲು ಮಾಡಿದ ಸಾಧನವನ್ನು ಅಧಿಕಾರಿಯ ಕೋಪಕ್ಕೆ ಗುರಾಣಿ ಮಾಡಿಕೊಂಡರೆ ತಪ್ಪು ಸಾಧನದ್ದಲ್ಲ. ಆದರೆ "ನಿಮ್ಮ ಗುರುತು ಪೂರ್ತಿ ಗುಪ್ತ" ಎಂದು ಎಲ್ಲಾ ಗಿರಾಕಿಗೂ ಒಂದೇ ರಾಗದಲ್ಲಿ ಹೇಳುವುದು ಮಾತ್ರ ಅವರ ತಪ್ಪೇ. ಯಾರಿಂದ ಗುಪ್ತ ಎಂದು ಹೇಳಬೇಡವೆ?

ಪ್ರೋಟಾನಿನವರ ವಿಷಯದಲ್ಲೇ ಇದು ಬಯಲಾಯಿತು. ಸ್ವಿಟ್ಜರ್ಲೆಂಡಿನ ಆ ಇಮೇಲ್ ಕಂಪನಿ ಗುಟ್ಟು ಕಾಯುವುದರಲ್ಲಿ ಹೆಸರಾದದ್ದು. 2021ರಲ್ಲಿ ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ವಿಷಯದಲ್ಲಿ ಫ್ರೆಂಚ್ ಪೊಲೀಸರ ಕೋರಿಕೆ ಸ್ವಿಸ್ ಅಧಿಕಾರಿಗಳ ಮೂಲಕ ಆದೇಶವಾಗಿ ಬಂತು. ಕಾಗದದ ಒಳಗೇನಿದೆ ಎಂಬುದು ಗುಪ್ತಲಿಪಿಯಲ್ಲಿದ್ದುದರಿಂದ ಕಂಪನಿ ಕೊಡಲಾಗಲಿಲ್ಲ. ಆದರೆ ಎಲ್ಲಿಂದ ಸಂಪರ್ಕಿಸಿದರು ಎಂಬ ಐಪಿ ವಿಳಾಸವನ್ನು ದಾಖಲಿಸಿ ಕೊಡಬೇಕಾಯಿತು. ಅಪ್ಪ ಹೇಳುತ್ತಿದ್ದ ಅಂಚೆ ಮೊಹರು! ಲಕೋಟೆ ಒಡೆಯಲಿಲ್ಲ, ಮೊಹರು ಓದಿದರು. ಆಮೇಲೆ ಕಂಪನಿ ತನ್ನ ಜಾಹೀರಾತಿನ ಮಾತನ್ನು ತಿದ್ದಿಕೊಂಡಿತು. ತಿದ್ದಿಕೊಂಡದ್ದು ಒಳ್ಳೆಯದು. ಮೊದಲೇ ಹಾಗೆ ಬರೆದಿದ್ದರೆ ಇನ್ನೂ ಒಳ್ಳೆಯದಿತ್ತು.

ಇಷ್ಟೆಲ್ಲ ಕೇಳಿ ನನ್ನ ಹುಡುಗಿ ಸಿಡುಕಿದಳು. "ಹಾಗಾದ್ರೆ ಏನೂ ಮಾಡಬೇಡ, ಸುಮ್ಮನಿರು ಅಂತೀರಾ? ದೊಡ್ಡಮ್ಮ, ನೀವು ಮೊದಲು ಹೀಗಿರಲಿಲ್ಲ."

ಅವಳ ಮಾತು ಚುಚ್ಚಿತು. ವರ್ಗವಾದ ಮೇಲೆ ನಾನು ಮತ್ತೆ ಯಾವತ್ತೂ ಮೂಗರ್ಜಿ ಬರೆಯಲಿಲ್ಲ, ಹೆಸರು ಹಾಕಿಯೂ ಬರೆಯಲಿಲ್ಲ. ಅದನ್ನು ವಿವೇಕ ಎಂದು ಕರೆದುಕೊಂಡು ನಿವೃತ್ತಳಾದೆ.

ಅವಳಿಗೆ ಹೇಳಿದೆ, ಸುಮ್ಮನಿರು ಎಂದಲ್ಲ, ನಿನಗೆ ಭಯ ಯಾರದೆಂದು ಮೊದಲು ಲೆಕ್ಕ ಹಾಕು ಎಂದು. ನಿನ್ನ ಪ್ರಾಂಶುಪಾಲರು ವಾರಂಟ್ ತರುವವರಲ್ಲ. ಸ್ವಿಟ್ಜರ್ಲೆಂಡಿಗೆ ಅರ್ಜಿ ಹಾಕುವವರೂ ಅಲ್ಲ. ಅವರಿಗೆ ಯಂತ್ರವನ್ನು ಒಡೆಯುವ ವಿದ್ಯೆ ಬೇಕಾಗಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಕಾಗದವನ್ನು ಎರಡು ಸಲ ಓದಿದರೆ ಸಾಕು. ದೊಡ್ಡವರೇ ಹೀಗೆ ಸಿಕ್ಕಿದ್ದಾರೆ. ಹ್ಯಾರಿ ಪಾಟರ್ ಬರೆದ ರೌಲಿಂಗ್ 2013ರಲ್ಲಿ ಗಂಡಸಿನ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿ ಬರೆದದ್ದು ಹೊರಬಿದ್ದದ್ದು ಹೇಗೆ? ಅವರ ವಕೀಲರ ಕಚೇರಿಯ ಒಬ್ಬರು ಹೆಂಡತಿಯ ಗೆಳತಿಗೆ ಹೇಳಿದರು, ಆಕೆ ಊರಿಗೆ ಹೇಳಿದಳು. ಆಮೇಲೆ ಪತ್ರಿಕೆಯವರು ಪಂಡಿತರಿಂದ ವಾಕ್ಯಗಳ ಶೈಲಿಯನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿಸಿದರು, ಅದೂ ಅವರನ್ನೇ ತೋರಿಸಿತು. ಇಟಲಿಯ ಲೇಖಕಿ ಎಲೆನಾ ಫೆರಾಂಟೆ ಯಾರೆಂದು 2016ರಲ್ಲಿ ಒಬ್ಬ ಪತ್ರಕರ್ತ ಬೆನ್ನುಹತ್ತಿದ್ದು ಹಣ ಪಾವತಿಯ ಮತ್ತು ಮನೆ ಖರೀದಿಯ ದಾಖಲೆ ಹಿಡಿದು. ಗೆಳತಿಯ ಬಾಯಿ, ಬರೆಯುವ ಕೈ, ದುಡ್ಡಿನ ಜಾಡು. ಈ ಮೂರನ್ನೂ ಯಾವ ಅಂಚೆಯಂತ್ರ ಮುಚ್ಚೀತು?

ಇನ್ನೊಂದು ಮಾತನ್ನೂ ಹೇಳಬೇಕಾಗಿತ್ತು, ಹೇಳಿದೆ. ಹೆಸರಿಲ್ಲದ ಅರ್ಜಿಯ ಬೆಲೆ. 1999ರಲ್ಲಿ ಕೇಂದ್ರ ಜಾಗೃತ ಆಯೋಗ, ಹೆಸರಿಲ್ಲದ ದೂರುಗಳ ಮೇಲೆ ಕ್ರಮ ಬೇಡವೆಂದು ಸುತ್ತೋಲೆ ಹೊರಡಿಸಿತ್ತು. ಅದಕ್ಕೂ ಕಾರಣವಿದೆ, ಬಡ್ತಿ ಸಿಗುವ ಹೊತ್ತಿಗೆ ಸರಿಯಾಗಿ ಎದುರಾಳಿಯ ಮೇಲೆ ಮೂಗರ್ಜಿ ಹಾಕಿಸುವುದು ನಮ್ಮ ಕಚೇರಿಗಳ ಹಳೆಯ ಕಲೆ. ಪ್ರಾಮಾಣಿಕರಿಗೂ ಮೂಗರ್ಜಿಯಿಂದ ಪೆಟ್ಟು ಬಿದ್ದದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ಕಾಗದದ ಒಳಗೆ ತಾನೇ ನಿಲ್ಲುವ ಪುರಾವೆ ಇರಬೇಕು. ಪುರಾವೆ ಹೆಚ್ಚಿದಷ್ಟೂ, ನನ್ನ ನೆನೆದ ಕಟ್ಟಿನಂತೆ, ಬರೆದವಳ ಮುಖ ಕಾಣುತ್ತದೆ. ಈ ಗಂಟನ್ನು ಬಿಡಿಸುವ ಸೇವೆ ಇನ್ನೂ ಯಾರೂ ಮಾರುತ್ತಿಲ್ಲ.

ಸಂಜೆ ಆಯಿತು. ಅವಳು ಬ್ಯಾಗಿನಿಂದ ಮಡಿಸಿದ ಕಾಗದ ತೆಗೆದು, "ಬರೆದಿದೀನಿ, ನೋಡ್ತೀರಾ?" ಎಂದಳು. ಎರಡು ಪುಟ. ಕನ್ನಡಕ ಹಾಕಿಕೊಂಡು, ಮೇಷ್ಟರಗಿತ್ತಿಯ ಹಳೆಯ ಚಟದಂತೆ ಕೆಂಪು ಪೆನ್ನು ಹಿಡಿದು ಕೂತೆ. ಮೊದಲನೆಯ ಪುಟದಲ್ಲಿ, "ಗುರುವಾರ ಪ್ರಯೋಗಶಾಲೆಯಲ್ಲಿ ಅಟೆಂಡರ್ ನನ್ನ ಎದುರಿಗೇ" ಎಂದಿತ್ತು. "ನನ್ನ ಎದುರಿಗೇ" ಎಂಬುದನ್ನು ಹೊಡೆದೆ. ಆಮೇಲೆ ಗುರುವಾರವನ್ನೂ ಹೊಡೆದೆ. ಎರಡನೆಯ ಪುಟದಲ್ಲಿ "ಮನಸ್ಸಿಗೆ ಕಸಿವಿಸಿ" ಎಂದು ಮೂರು ಕಡೆ ಬಂದಿತ್ತು. "ಇದನ್ನ ನೀನು ದಿನಕ್ಕೆ ಹತ್ತು ಸಲ ಹೇಳ್ತೀಯ, ನಿಮ್ಮ ಕಾಲೇಜಿನವರಿಗೂ ಗೊತ್ತಿರುತ್ತೆ" ಎಂದೆ. ಅವಳು ನಾಲಿಗೆ ಕಚ್ಚಿಕೊಂಡಳು. ಫೋನಿನಲ್ಲಿ ತೆಗೆದ ಫೋಟೋಗಳನ್ನು ಹಾಗೆಯೇ ಸೇರಿಸಬೇಡ, ಯಾವ ಫೋನು, ಯಾವ ಹೊತ್ತು, ಕೆಲವೊಮ್ಮೆ ಯಾವ ಜಾಗ ಎಂಬುದೂ ಅದರೊಳಗೆ ಕೂತಿರುತ್ತದೆ ಎಂದೆ. ಬರೆದುಕೊಂಡಳು.

ದುಡ್ಡು ಕೊಟ್ಟ ಹುಡುಗಿಯರು ಎಷ್ಟು ಜನ ಎಂದು ಕೇಳಿದೆ. ಇಪ್ಪತ್ತರ ಮೇಲೆ ಅಂದಳು. ಅವರಲ್ಲಿ ಕೋರ್ಸು ಮುಗಿಸಿ ಅಂಕಪಟ್ಟಿ ಕೈಗೆ ಬಂದವರು? ಅವಳು ಬೆರಳು ಮಡಿಸುತ್ತಾ ಹೋದಳು. ಏಳು ಜನ. ಅವರಿಗೆ ಕಾಲೇಜಿನ ಹಂಗಿಲ್ಲ. ಹೆಸರು ಹಾಕಲು ಒಪ್ಪುವರೋ ಇಲ್ಲವೋ, ಅದನ್ನು ಅವರೇ ಹೇಳಬೇಕು. ಒಪ್ಪದಿದ್ದರೆ ಆಗ ಅವಳ ಅಂಚೆಯಂತ್ರ ಇದ್ದೇ ಇದೆ, ಕಾಲೇಜಿನ ವೈಫೈ ಬಿಟ್ಟು.

"ನೀವಾಗಿದ್ರೆ ಏನು ಮಾಡ್ತಿದ್ರಿ ದೊಡ್ಡಮ್ಮ?" ಎಂದು ಚಪ್ಪಲಿ ಮೆಟ್ಟುತ್ತಾ ಕೇಳಿದಳು.

ಆ ಜವಾನನನ್ನು ಅವತ್ತು ಒಂದು ಮಾತು ಕೇಳಿ ನೋಡಬಹುದಿತ್ತು ಎಂದು ನನಗೆ ಹೊಳೆದದ್ದು ಆಗಲೇ. ಅವನ ಮಗಳೂ ಅದೇ ಶಾಲೆಯಲ್ಲಿ, ಹರಿದ ಲಂಗದಲ್ಲಿ, ಎರಡನೇ ಸಾಲಿನಲ್ಲಿ ಕೂರುತ್ತಿದ್ದಳು. ಅದನ್ನು ಹುಡುಗಿಗೆ ಹೇಳುವಷ್ಟರಲ್ಲಿ ಅವಳ ಆಟೋ ಬಂತು.